ಜ್ವರ ಬರುವ ಮುಂಚೆ ಎಲ್ಲಿದ್ದಿರಿ?



ಮಳೆ ಹಿಡಿದಿದೆ. ಕರಾವಳಿಯಲ್ಲೂ ಮಲೆನಾಡಿನಲ್ಲೂ ನಾಟಿ ಶುರುವಾಗಿದೆ. ಬದು ಕಡಿಯುವವರು, ಸಸಿ ಕೀಳುವವರು, ತೋಟದ ಕಳೆ ತೆಗೆಯುವವರು ಬೆಳಗಿನಿಂದ ಸಂಜೆಯವರೆಗೆ ನೀರಿನಲ್ಲಿ, ಕೆಸರಿನಲ್ಲಿ ಇರುತ್ತಾರೆ. ಇದೇ ದಿನಗಳಲ್ಲಿ ಆಸ್ಪತ್ರೆಯ ಮುಂದೆ ಜ್ವರದವರ ಸಾಲೂ ಬೆಳೆಯುತ್ತದೆ.

ಇವತ್ತು ನಾನು ಮಾತಾಡುವುದು ಒಂದೇ ಒಂದು ಔಷಧಿಯ ಬಗ್ಗೆ. ಅದರ ಹೆಸರು ಡಾಕ್ಸಿಸೈಕ್ಲಿನ್. ಹೆಸರು ಉದ್ದ, ಹಾಗಾಗಿ ನಿಧಾನವಾಗಿ ಇನ್ನೊಮ್ಮೆ ಹೇಳುತ್ತೇನೆ. ಡಾಕ್ಸಿ ಸೈಕ್ಲಿನ್. ಆಸ್ಪತ್ರೆಯಲ್ಲಿ ನಾವೆಲ್ಲ ಚುಟುಕಾಗಿ ಡಾಕ್ಸಿ ಅನ್ನುತ್ತೇವೆ. ಇದು ಆ್ಯಂಟಿಬಯಾಟಿಕ್ ಜಾತಿಯ ಔಷಧಿ. ಅಂದರೆ ಬ್ಯಾಕ್ಟೀರಿಯಾದಿಂದ ಬರುವ ಸೋಂಕಿಗೆ ಕೊಡುವಂಥದ್ದು. ಹೊಸದೇನೂ ಅಲ್ಲ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1967ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಇದೆ. ನಮ್ಮ ದೇಶದ ಪಟ್ಟಿಯಲ್ಲೂ ಇದೆ. ದುಬಾರಿಯದಲ್ಲ.

ಇಷ್ಟು ಹಳೆಯ, ಇಷ್ಟು ಸಾಮಾನ್ಯ ಮಾತ್ರೆಯ ಬಗ್ಗೆ ರೇಡಿಯೋದಲ್ಲಿ ಮಾತಾಡುವುದು ಏಕೆ? ಏಕೆಂದರೆ ಸಮಯಕ್ಕೆ ಸಿಕ್ಕರೆ ಇದು ಜೀವ ಉಳಿಸುತ್ತದೆ. ಐದಾರು ದಿನ ತಡವಾದರೆ ಇದೇ ಮಾತ್ರೆಯ ಬಲ ಕುಗ್ಗುತ್ತದೆ. ಸಮಯಕ್ಕೆ ಸಿಗುವುದೋ ಇಲ್ಲವೋ ಎಂಬುದು ಅನೇಕ ಸಲ ಒಂದು ಚಿಕ್ಕ ಮಾಹಿತಿಯ ಮೇಲೆ ನಿಂತಿರುತ್ತದೆ. ಆ ಮಾಹಿತಿ ಡಾಕ್ಟರ ಹತ್ತಿರ ಇರುವುದಿಲ್ಲ. ನಿಮ್ಮ ಹತ್ತಿರ ಇರುತ್ತದೆ. ಜ್ವರ ಬರುವ ಮುಂಚಿನ ಎರಡು ಮೂರು ವಾರ ನೀವು ಎಲ್ಲಿ ಕೆಲಸ ಮಾಡಿದಿರಿ, ಯಾವ ನೀರಿಗೆ ಇಳಿದಿರಿ, ಯಾವ ಪೊದೆಯಲ್ಲಿ ಕೂತಿರಿ ಎನ್ನುವ ಮಾಹಿತಿ.

ಮೊದಲು ಈ ಔಷಧಿ ಎಲ್ಲಿಂದ ಬಂತು ಎಂದು ನೋಡೋಣ. ಇದರ ವಂಶದ ಮೂಲ ಮಣ್ಣಿನಲ್ಲಿದೆ. 1945ರ ಸುಮಾರಿಗೆ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಬೆಂಜಮಿನ್ ಡಗ್ಗರ್ ಎಂಬ ಸಸ್ಯವಿಜ್ಞಾನಿ ಬೇರೆ ಬೇರೆ ಊರುಗಳ ಮಣ್ಣನ್ನು ತರಿಸಿಕೊಂಡು ಪರೀಕ್ಷೆ ಮಾಡುತ್ತಿದ್ದರು. ಆಗಲೇ ಅವರಿಗೆ ಎಪ್ಪತ್ತು ದಾಟಿತ್ತು. ವಿಶ್ವವಿದ್ಯಾಲಯದ ಕೆಲಸದಿಂದ ನಿವೃತ್ತರಾದ ಮೇಲೆ ಹಿಡಿದ ಕೆಲಸ ಇದು. ಮಿಸೌರಿ ವಿಶ್ವವಿದ್ಯಾಲಯದ ಸ್ಯಾನ್‌ಬಾರ್ನ್ ಫೀಲ್ಡ್ ಎಂಬ ಕೃಷಿ ಪ್ರಯೋಗದ ಹೊಲದಿಂದ ಬಂದ ಮಣ್ಣಿನಲ್ಲಿ ಒಂದು ಸೂಕ್ಷ್ಮಜೀವಿ ಸಿಕ್ಕಿತು. ಬಣ್ಣ ಬಂಗಾರದ ಹಳದಿ. ಅದು ಹೊರಬಿಡುತ್ತಿದ್ದ ವಸ್ತುವಿನ ಹತ್ತಿರ ಬೇರೆ ಬ್ಯಾಕ್ಟೀರಿಯಾಗಳು ಬೆಳೆಯುತ್ತಿರಲಿಲ್ಲ. ಆ ವಸ್ತುವಿಗೆ ಆರಿಯೋಮೈಸಿನ್ ಎಂದು ಹೆಸರಿಟ್ಟರು. 1948ರಲ್ಲಿ ಜಗತ್ತಿಗೆ ತಿಳಿಸಿದರು.

ಆ ಪ್ರಯೋಗಾಲಯದ ಸಂಶೋಧನೆಯ ಮುಖ್ಯಸ್ಥರು ಯಾರು ಗೊತ್ತೇ? ನಮ್ಮ ಪಕ್ಕದ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಕೇಳುಗರಿಗೆ ಆನೆಕಾಲು ರೋಗ ತಡೆಯಲು ಮನೆಮನೆಗೆ ಬಂದು ಕೊಡುವ ಡಿಇಸಿ ಮಾತ್ರೆ ಗೊತ್ತಿರುತ್ತದೆ. ಆ ಮಾತ್ರೆಯೂ ಸುಬ್ಬರಾವ್ ಅವರ ತಂಡದಿಂದಲೇ ಬಂದದ್ದು. ಆರಿಯೋಮೈಸಿನ್ ಸುದ್ದಿ ಹೊರಬಿದ್ದ 1948ರಲ್ಲೇ ಅವರು ತೀರಿಕೊಂಡರು. ವಯಸ್ಸು ಐವತ್ತಮೂರು. ಇಷ್ಟು ದೊಡ್ಡ ಕೆಲಸ ಮಾಡಿದವರ ಹೆಸರನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಕೇಳಲೇಬೇಕು ಎಂಬುದು ನನ್ನ ಆಸೆ.

ಆರಿಯೋಮೈಸಿನ್‌ನ ಹಿಂದೆಯೇ ಅದರ ಸೋದರ ಔಷಧಿಗಳು ಬಂದವು. ಟೆಟ್ರಾಸೈಕ್ಲಿನ್ ಬಂತು. ನಿಮ್ಮ ಮನೆಯ ಹಿರಿಯರಿಗೆ ಆ ಹೆಸರು ಗೊತ್ತಿರಬಹುದು. ಅದನ್ನು ಬರಿಹೊಟ್ಟೆಯಲ್ಲಿ ದಿನಕ್ಕೆ ನಾಲ್ಕು ಸಲ ನುಂಗಬೇಕಿತ್ತು. ಆ ವಂಶದ ಅಣುವನ್ನೇ ರಸಾಯನಶಾಲೆಯಲ್ಲಿ ತಿದ್ದಿ ಡಾಕ್ಸಿಸೈಕ್ಲಿನ್ ಮಾಡಿದರು. ಇದು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಹಾಗಾಗಿ ದಿನಕ್ಕೆ ಎರಡು ಸಲ ಸಾಕು. ಊಟದ ಜೊತೆಗೂ ತೆಗೆದುಕೊಳ್ಳಬಹುದು. ಕೂಲಿಗೆ ಹೋಗುವ ಮನುಷ್ಯನಿಗೆ ಇದು ಸಣ್ಣ ಅನುಕೂಲವಲ್ಲ.

ಹಾಗಾದರೆ ಇದುವರೆಗೆ ಹೇಳಿದ್ದು ಇಷ್ಟು. ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದ ಔಷಧಿಗಳ ಒಂದು ವಂಶ. ಅದರಲ್ಲಿ ತಿದ್ದಿ ತೀಡಿದ ಒಂದು ಕುಡಿ ಡಾಕ್ಸಿಸೈಕ್ಲಿನ್. ಈಗ ಅದು ಮೈಯೊಳಗೆ ಏನು ಮಾಡುತ್ತದೆ ಎಂದು ಕೇಳಿ.

ಬ್ಯಾಕ್ಟೀರಿಯಾ ಬದುಕಬೇಕಾದರೆ, ಬೆಳೆಯಬೇಕಾದರೆ ಅದಕ್ಕೆ ಪ್ರೋಟೀನ್ ಬೇಕು. ಅದನ್ನು ಅದು ತನ್ನೊಳಗೇ ತಯಾರಿಸಿಕೊಳ್ಳುತ್ತದೆ. ಆ ತಯಾರಿಕೆ ನಡೆಯುವ ಜಾಗಕ್ಕೆ ಹೋಗಿ ಡಾಕ್ಸಿ ಅಂಟಿಕೊಳ್ಳುತ್ತದೆ. ತಯಾರಿಕೆ ನಿಲ್ಲುತ್ತದೆ. ಬ್ಯಾಕ್ಟೀರಿಯಾ ಒಂದರಿಂದ ಎರಡು, ಎರಡರಿಂದ ನಾಲ್ಕು ಆಗುವುದು ನಿಲ್ಲುತ್ತದೆ. ಉಳಿದವನ್ನು ನಮ್ಮ ಮೈಯ ರೋಗನಿರೋಧಕ ಶಕ್ತಿಯೇ ತೀರಿಸುತ್ತದೆ. ಇನ್ನೊಂದು ಗುಣ ಇದಕ್ಕಿದೆ, ಅದನ್ನು ಗಮನವಿಟ್ಟು ಕೇಳಿ. ಡಾಕ್ಸಿ ನಮ್ಮ ಜೀವಕೋಶದ ಒಳಗೆ ನುಗ್ಗಬಲ್ಲದು. ಕೆಲವು ರೋಗಾಣುಗಳು ರಕ್ತದಲ್ಲಿ ತೇಲುತ್ತಾ ಇರುವುದಿಲ್ಲ. ಜೀವಕೋಶದ ಒಳಗೇ ಅಡಗಿ ಕೂತಿರುತ್ತವೆ. ಅಂಥವನ್ನು ಅಲ್ಲೇ ಹೋಗಿ ಹಿಡಿಯುವ ಔಷಧಿ ಇದು. ಈ ಮಾತಿಗೆ ಮತ್ತೆ ಬರುತ್ತೇನೆ.

ಡಾಕ್ಸಿಯ ಉಪಯೋಗಗಳು ಬಹಳ. ಮೊಡವೆಗೆ ಕೊಡುತ್ತಾರೆ. ಕಾಲರಾಕ್ಕೆ ಕೊಡುತ್ತಾರೆ. ಕೆಲವು ಬಗೆಯ ನ್ಯುಮೋನಿಯಾಕ್ಕೆ, ಲೈಂಗಿಕ ಸಂಪರ್ಕದಿಂದ ಬರುವ ಕೆಲವು ಸೋಂಕಿಗೆ, ದನಕರುಗಳಿಂದ ಹರಡುವ ಬ್ರುಸೆಲ್ಲಾ ಜ್ವರಕ್ಕೆ ಕೊಡುತ್ತಾರೆ. ಅವೆಲ್ಲದಕ್ಕೂ ಹೋದರೆ ನಮ್ಮ ಸಮಯ ಸಾಲದು. ಮಳೆಗಾಲದ ಎರಡು ಜ್ವರಗಳ ಹತ್ತಿರ ಮಾತ್ರ ನಿಲ್ಲುತ್ತೇನೆ. ಒಂದು, ಇಲಿಜ್ವರ. ಇನ್ನೊಂದು, ಸ್ಕ್ರಬ್ ಟೈಫಸ್.

ಇಲಿಜ್ವರದ ವೈದ್ಯಕೀಯ ಹೆಸರು ಲೆಪ್ಟೊಸ್ಪೈರೋಸಿಸ್. ಇಲಿ, ಹೆಗ್ಗಣದ ಕಿಡ್ನಿಯಲ್ಲಿ ಇದರ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿರುತ್ತದೆ. ಇಲಿಗೆ ಏನೂ ಆಗುವುದಿಲ್ಲ. ಅದರ ಮೂತ್ರದ ಜೊತೆ ಬ್ಯಾಕ್ಟೀರಿಯಾ ಗದ್ದೆಯ ನೀರಿಗೆ, ಕೆಸರಿಗೆ ಸೇರುತ್ತದೆ. ದನ, ನಾಯಿ, ಹಂದಿಯಿಂದಲೂ ಸೇರಬಹುದು. ನಿಮ್ಮ ಕಾಲಿನಲ್ಲಿ ಒಂದು ಗೀರು ಇದ್ದರೆ ಸಾಕು. ಬೆರಳ ಸಂದಿಯಲ್ಲಿ ಕೆಸರು ತಿಂದು ಆದ ಹುಣ್ಣು ಇದ್ದರೆ ಸಾಕು. ಅಲ್ಲಿಂದ ಒಳಗೆ ಬರುತ್ತದೆ. ಸಾಮಾನ್ಯವಾಗಿ ಒಂದೆರಡು ವಾರದೊಳಗೆ ಜ್ವರ ಕಾಣಿಸುತ್ತದೆ. ಕೆಲವರಿಗೆ ಇನ್ನೂ ತಡವಾಗಿ.

ಜ್ವರ ಹೇಗಿರುತ್ತದೆ? ಒಮ್ಮೆಲೇ ಏರುತ್ತದೆ. ಮೈಯೆಲ್ಲ ನೋವು. ಅದರಲ್ಲೂ ಕಾಲಿನ ಮೀನಖಂಡ ಮುಟ್ಟಿದರೆ ಸಾಕು, ಜೀವ ಹೋಗುವಷ್ಟು ನೋವು. ಕಣ್ಣು ಕೆಂಪಗಾಗುತ್ತದೆ, ಆದರೆ ಪಿಸುರು ಕಟ್ಟುವುದಿಲ್ಲ. ಬಹಳ ಜನರಿಗೆ ಇಷ್ಟಕ್ಕೇ ನಿಲ್ಲುತ್ತದೆ. ಕೆಲವರಿಗೆ ಮುಂದುವರಿಯುತ್ತದೆ. ಕಣ್ಣಿಗೆ ಹಳದಿ ಬರುತ್ತದೆ. ಮೂತ್ರ ಕಡಿಮೆಯಾಗುತ್ತದೆ. ಲಿವರ್ ಮತ್ತು ಕಿಡ್ನಿ ಕೆಲಸ ನಿಲ್ಲಿಸುತ್ತವೆ. ಶ್ವಾಸಕೋಶದಲ್ಲಿ ರಕ್ತ ಸೋರುವುದೂ ಉಂಟು. ಹಳದಿ ಕಂಡ ಕೂಡಲೇ ಕಾಮಾಲೆ ಎಂದುಕೊಂಡು ನಾಟಿ ಮದ್ದಿಗೆ ಕರೆದುಕೊಂಡು ಹೋಗುವವರು ಇದ್ದಾರೆ. ದಯವಿಟ್ಟು ಕೇಳಿ. ಜ್ವರದ ಜೊತೆ ಹಳದಿ ಬಂದರೆ, ಅದರಲ್ಲೂ ಮೂತ್ರ ಕಡಿಮೆಯಾದರೆ, ಅದೇ ದಿನ ಆಸ್ಪತ್ರೆ ಸೇರಬೇಕು. ಅಲ್ಲಿ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಎಂಬ ಇಂಜೆಕ್ಷನ್ ಕೊಡುತ್ತಾರೆ. ಆ ಹಂತ ಬರುವ ಮುಂಚೆ, ಮೊದಲ ದಿನಗಳಲ್ಲೇ ಗುರುತಿಸಿದರೆ, ಡಾಕ್ಸಿ ಸಾಮಾನ್ಯವಾಗಿ ಸಾಕು. 100 ಮಿಲಿಗ್ರಾಮಿನ ಮಾತ್ರೆ, ದಿನಕ್ಕೆ ಎರಡು, ಏಳು ದಿನ. ಎಣಿಸಿದರೆ ಹದಿನಾಲ್ಕು ಮಾತ್ರೆ.

ಇಲಿಜ್ವರದ ವಿಷಯ ಆಯಿತು. ಕೆಸರಿನಿಂದ ಬರುತ್ತದೆ, ಕಾಲಿನ ಗಾಯದಿಂದ ಒಳಗೆ ಹೋಗುತ್ತದೆ, ಮೀನಖಂಡದ ನೋವು ಅದರ ಗುರುತು, ಬೇಗ ಕೊಟ್ಟರೆ ಡಾಕ್ಸಿ ಕೆಲಸ ಮಾಡುತ್ತದೆ. ಈಗ ಎರಡನೆಯದು. ಇದರ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರಲಾರಿರಿ. ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಸ್ಕ್ರಬ್ ಟೈಫಸ್. ಟೈಫಾಯಿಡ್ ಬೇರೆ, ಇದು ಬೇರೆ. ಇದನ್ನು ಹರಡುವುದು ಒಂದು ಬಗೆಯ ನುಸಿ. ತೆಂಗಿನ ನುಸಿಪೀಡೆ ಗೊತ್ತಿರುವ ರೈತರಿಗೆ ನುಸಿ ಎಷ್ಟು ಸಣ್ಣದೆಂದು ಹೇಳಬೇಕಾಗಿಲ್ಲ. ಇದು ಬೇರೆ ಜಾತಿಯ ನುಸಿ, ಇದರ ಮರಿ ಮಾತ್ರ ಕಚ್ಚುತ್ತದೆ. ಬರಿಗಣ್ಣಿಗೆ ಕಾಣುವುದೇ ಕಷ್ಟ. ಎತ್ತರಕ್ಕೆ ಬೆಳೆದ ಹುಲ್ಲು, ಕುರುಚಲು ಪೊದೆ, ಬೇಲಿಯ ಬುಡ, ಹೊಲದ ಅಂಚು, ಸೌದೆ ಪೇರಿಸಿದ ಜಾಗ, ಇಂಥ ಕಡೆ ಇಲಿಗಳ ಮೈಮೇಲೆ ಬದುಕುತ್ತದೆ. ನೀವು ಅಲ್ಲಿ ಕೂತರೆ, ಮಲಗಿದರೆ, ಹುಲ್ಲು ಕೊಯ್ದರೆ ನಿಮ್ಮ ಮೈಗೆ ಹತ್ತುತ್ತದೆ. ಕಚ್ಚಿದ್ದು ಗೊತ್ತಾಗುವುದಿಲ್ಲ. ಮಳೆ ಶುರುವಾದ ಮೇಲಿಂದ ಚಳಿಯವರೆಗೂ ಈ ಜ್ವರದ ಕಾಲ.

ಕಚ್ಚಿದ ಜಾಗದಲ್ಲಿ ಒಂದು ಗುರುತು ಆಗುತ್ತದೆ. ನಿಮಗೆ ನಾನು ಚಿತ್ರ ತೋರಿಸಲಾರೆ. ಹಾಗಾಗಿ ಮಾತಿನಲ್ಲೇ ಹೇಳುತ್ತೇನೆ, ಕಣ್ಣು ಮುಚ್ಚಿ ಕೇಳಿ. ಬೀಡಿಯ ಬೆಂಕಿ ತಾಗಿ ಸುಟ್ಟ ಹಾಗೆ ಒಂದು ಗಾಯ. ದುಂಡಗೆ. ಕಡಲೆಕಾಳಿನಷ್ಟು ಅಗಲ, ಕೆಲವೊಮ್ಮೆ ಇನ್ನಷ್ಟು. ನಡುವೆ ಕಪ್ಪನೆಯ ಹಕ್ಕಳೆ. ಸುತ್ತ ಕೆಂಪು ಅಂಚು. ನೋವಿಲ್ಲ. ತುರಿಕೆ ಇಲ್ಲ. ಅದಕ್ಕೇ ರೋಗಿಗೆ ಅದು ಇರುವುದೇ ಗೊತ್ತಿರುವುದಿಲ್ಲ. ಬಟ್ಟೆ ಬಿಗಿಯಾಗುವ ಕಡೆ, ಚರ್ಮ ಮಡಿಸುವ ಕಡೆ ಹುಡುಕಬೇಕು. ಕಂಕುಳು. ತೊಡೆಸಂದು. ಕಿವಿಯ ಹಿಂಭಾಗ. ಕುತ್ತಿಗೆ. ಹೆಂಗಸರಲ್ಲಿ ಸ್ತನದ ಕೆಳಗೆ, ಲಂಗದ ಲಾಡಿ ಕಟ್ಟುವ ಸೊಂಟದ ಸುತ್ತ. ಗಂಡಸರಲ್ಲಿ ಉಡಿದಾರದ ಕೆಳಗೆ.

ಇಲ್ಲಿ ನಾಚಿಕೆ ಅಡ್ಡ ಬರುತ್ತದೆ. ಹಳ್ಳಿಯ ಹೆಂಗಸೊಬ್ಬರು ಜ್ವರ ಎಂದು ಬಂದರೆ ಡಾಕ್ಟರು ನಾಲಿಗೆ ನೋಡುತ್ತಾರೆ, ನಾಡಿ ನೋಡುತ್ತಾರೆ, ಎದೆಗೆ ಕೊಳವೆ ಇಟ್ಟು ಕೇಳುತ್ತಾರೆ. ಬಟ್ಟೆ ಸರಿಸಿ ನೋಡಲು ಅವರಿಗೂ ಮುಜುಗರ, ತೋರಿಸಲು ಇವರಿಗೂ ಮುಜುಗರ. ತಾಯಂದಿರೇ, ಅಕ್ಕ ತಂಗಿಯರೇ, ಒಂದು ಉಪಾಯ ಹೇಳುತ್ತೇನೆ. ಜ್ವರ ಬಂದ ದಿನ ಮನೆಯಲ್ಲೇ, ಬಚ್ಚಲಲ್ಲಿ, ನೀವೇ ನೋಡಿಕೊಳ್ಳಿ. ಬೆನ್ನಿನ ಕಡೆ ಮಗಳಿಗೋ ಸೊಸೆಗೋ ಅತ್ತೆಗೋ ನೋಡಲು ಹೇಳಿ. ಕಪ್ಪು ಹಕ್ಕಳೆ ಕಂಡರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ನರ್ಸಮ್ಮನಿಗೆ ತೋರಿಸಿದರೂ ಆಯಿತು. ಆ ಒಂದು ಹಕ್ಕಳೆ ಎಷ್ಟೋ ರಕ್ತಪರೀಕ್ಷೆಗಿಂತ ಬೇಗ ದಾರಿ ತೋರಿಸುತ್ತದೆ. ಆದರೆ ನಮ್ಮ ದೇಶದಲ್ಲಿ ಈ ಜ್ವರ ಬಂದ ಎಲ್ಲರಲ್ಲೂ ಹಕ್ಕಳೆ ಕಾಣುವುದಿಲ್ಲ. ಕಾಣಲಿಲ್ಲ ಎಂದ ಮಾತ್ರಕ್ಕೆ ಈ ಜ್ವರ ಅಲ್ಲ ಎನ್ನುವ ಹಾಗಿಲ್ಲ.

ಆಗ ಹೇಳಿದ ಮಾತಿಗೆ ಈಗ ಬರೋಣ. ಡಾಕ್ಸಿ ಜೀವಕೋಶದ ಒಳಗೆ ನುಗ್ಗುತ್ತದೆ ಎಂದೆ. ಸ್ಕ್ರಬ್ ಟೈಫಸ್ ರೋಗಾಣು ಜೀವಕೋಶದ ಒಳಗೇ ಬದುಕುವಂಥದ್ದು. ಪೆನಿಸಿಲಿನ್ ಜಾತಿಯ ಔಷಧಿಗಳು, ಅಮಾಕ್ಸಿಸಿಲಿನ್, ಸೆಫ್ಟ್ರಿಯಾಕ್ಸೋನ್ ಇವೆಲ್ಲ ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟುವ ಕೆಲಸವನ್ನು ಕೆಡಿಸುತ್ತವೆ. ಈ ರೋಗಾಣುವಿಗೆ ಅಂಥ ಗಟ್ಟಿ ಗೋಡೆಯೇ ಇಲ್ಲ. ಹಾಗಾಗಿ ಆ ಔಷಧಿ ಎಷ್ಟು ದುಬಾರಿಯಾದರೂ, ಎಷ್ಟು ದಿನ ಇಂಜೆಕ್ಷನ್ ಚುಚ್ಚಿದರೂ ಜ್ವರ ಇಳಿಯುವುದಿಲ್ಲ. ಅತ್ತ ಡಾಕ್ಸಿ ಶುರು ಮಾಡಿದರೆ ಹೆಚ್ಚಿನವರಿಗೆ ಎರಡು ದಿನದೊಳಗೆ ಜ್ವರ ಇಳಿಯುತ್ತದೆ. ಅದು ಎಷ್ಟು ಸ್ಪಷ್ಟವಾಗಿ ಇಳಿಯುತ್ತದೆಂದರೆ, ಆ ಇಳಿತವನ್ನೇ ರೋಗ ಇಂಥದ್ದು ಎಂಬುದಕ್ಕೆ ಸುಳಿವಾಗಿ ಡಾಕ್ಟರುಗಳು ಹಿಡಿಯುತ್ತಾರೆ.

ಔಷಧಿ ಇಲ್ಲದಿದ್ದಾಗ ಏನಾಗುತ್ತಿತ್ತು? ಎರಡನೆಯ ಮಹಾಯುದ್ಧದಲ್ಲಿ ಅಸ್ಸಾಂ ಮತ್ತು ಬರ್ಮಾ ಗಡಿಯ ಕಾಡುಗಳಲ್ಲಿದ್ದ ಸೈನಿಕರನ್ನು ಈ ಜ್ವರ ದೊಡ್ಡ ಸಂಖ್ಯೆಯಲ್ಲಿ ಮಲಗಿಸಿತು. ಆಗ ಇದಕ್ಕೆ ನಾಟುವ ಔಷಧಿಯೇ ಇರಲಿಲ್ಲ. ಶುಶ್ರೂಷೆ ಮಾಡಿ ಕಾಯುವುದಷ್ಟೇ. ಯುದ್ಧ ಮುಗಿದ ಮೇಲೆ, 1948ರಲ್ಲಿ, ಮಲಯಾದಲ್ಲಿ ಕ್ಲೋರಾಂಫೆನಿಕಾಲ್ ಎಂಬ ಔಷಧಿ ಇದರ ಮೇಲೆ ಕೆಲಸ ಮಾಡುತ್ತದೆಂದು ತೋರಿಸಿದರು. ಟೆಟ್ರಾಸೈಕ್ಲಿನ್‌ಗಳು ಅದರ ಹಿಂದೆ ಬಂದವು. ಔಷಧಿ ಸಿಕ್ಕಿದ ಮೇಲೆ ರೋಗವನ್ನೇ ಮರೆತೆವು. ನಮ್ಮ ಕಾಲೇಜುಗಳಲ್ಲಿ ಅದನ್ನು ಯುದ್ಧಕಾಲದ ಕಾಯಿಲೆ ಎಂಬಂತೆ ಓದಿದವರೇ ಹೆಚ್ಚು.

ಆ ಮರೆವಿಗೆ ತೆತ್ತ ಬೆಲೆ ದೊಡ್ಡದು. ಉತ್ತರ ಪ್ರದೇಶದ ಗೋರಖ್‌ಪುರ ಭಾಗದಲ್ಲಿ ಪ್ರತಿ ಮಳೆಗಾಲ ಮಕ್ಕಳಿಗೆ ಮೆದುಳು ಜ್ವರ ಬರುತ್ತಿತ್ತು. ನೂರಾರು ಮಕ್ಕಳು ಸಾಯುತ್ತಿದ್ದರು. 1970ರ ದಶಕದ ಕೊನೆಯಿಂದಲೂ ಅದನ್ನು ಜಪಾನೀಸ್ ಎನ್ಸೆಫಲೈಟಿಸ್ ಎಂದು ತಿಳಿದಿದ್ದರು. ಅದು ಸೊಳ್ಳೆಯಿಂದ ಬರುವ ವೈರಸ್ ರೋಗ. 2006ರಿಂದ ಅದರ ಲಸಿಕೆ ಹಾಕಿಸಿದರು. ವೈರಸ್ಸಿನ ಪಾಲು ಇಳಿಯಿತು. ಆದರೂ ಮಕ್ಕಳು ಬರುತ್ತಲೇ ಇದ್ದರು. ಜ್ವರ, ಫಿಟ್ಸ್, ಎಚ್ಚರ ತಪ್ಪುವುದು. 2015, 2016ರ ಸುಮಾರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವಿಜ್ಞಾನಿಗಳು ಈ ಮಕ್ಕಳ ರಕ್ತವನ್ನು ಸ್ಕ್ರಬ್ ಟೈಫಸ್‌ಗಾಗಿ ಪರೀಕ್ಷಿಸಿದರು. ಮಳೆಗಾಲದಲ್ಲಿ ಬಂದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಆ ಸೋಂಕಿನ ಗುರುತು ಸಿಕ್ಕಿತು. ಬೆಂಗಳೂರಿನ ನಿಮ್ಹಾನ್ಸ್‌ನವರು ಮುಂದೆ ನಿಂತು ನಡೆಸಿದ ಅಧ್ಯಯನದಲ್ಲೂ ದೇಶದ ಬೇರೆ ಬೇರೆ ಕಡೆಯ ಮೆದುಳು ಜ್ವರದ ಹಿಂದೆ ಸ್ಕ್ರಬ್ ಟೈಫಸ್ ದೊಡ್ಡ ಕಾರಣವಾಗಿ ಕಂಡಿತು.

ಇದರ ಅರ್ಥವನ್ನು ಯೋಚಿಸಿ ನೋಡಿ. ಆ ಮಕ್ಕಳಲ್ಲಿ ಎಷ್ಟೋ ಮಂದಿಗೆ ಬಂದದ್ದು ಔಷಧಿ ಇರುವ ರೋಗ. ಜ್ವರ ಶುರುವಾಗಿ ಒಂದು ವಾರದ ಹೊತ್ತಿಗೆ ಅದು ಮೆದುಳಿಗೆ ಏರುತ್ತಿತ್ತು. ಆ ಒಂದು ವಾರದಲ್ಲಿ ಊರಿನ ಆರೋಗ್ಯ ಕೇಂದ್ರದಲ್ಲೇ ಡಾಕ್ಸಿ ಅಥವಾ ಅಜಿತ್ರೋಮೈಸಿನ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್ ಸಿಕ್ಕಿದ್ದರೆ ಮೆದುಳಿಗೆ ಏರುವ ಮುಂಚೆಯೇ ತಡೆಯಬಹುದಿತ್ತು. ಮುಂದೆ ಅಲ್ಲಿ ಹಾಗೆಯೇ ಮಾಡತೊಡಗಿದರು. ಮಳೆಗಾಲದಲ್ಲಿ ಜ್ವರ ಎಂದು ಬಂದ ಮಕ್ಕಳಿಗೆ ಮೊದಲ ಹಂತದಲ್ಲೇ ಈ ಔಷಧಿ ಕೊಡುವ ಕ್ರಮ ಬಂತು. ಆ ಮಕ್ಕಳಿಗೆ ಸೋಂಕು ಹೇಗೆ ತಗಲುತ್ತಿತ್ತು ಎಂದೂ ಹುಡುಕಿದರು. ಹೊಲಕ್ಕೆ ಹೋಗಿ ಬರುವುದು, ಮನೆಯೊಳಗೆ ಸೌದೆ ಪೇರಿಸಿಡುವುದು, ಬಯಲು ಶೌಚ, ಇವು ಕಂಡವು. ನಮ್ಮ ಹಳ್ಳಿಗಳಿಗೂ ಇದೆಲ್ಲ ಅಪರಿಚಿತವಲ್ಲ. ನಮ್ಮ ರಾಜ್ಯದ ಅನೇಕ ಜಿಲ್ಲೆಗಳಿಂದಲೂ ಸ್ಕ್ರಬ್ ಟೈಫಸ್ ವರದಿಯಾಗಿದೆ.

ಅದಕ್ಕೇ ನಮ್ಮ ದೇಶದ ಮಾರ್ಗಸೂಚಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ. ಈ ಜಾತಿಯ ಜ್ವರ ಎಂಬ ಅನುಮಾನ ಬಂದರೆ ಲ್ಯಾಬಿನ ವರದಿಗಾಗಿ ಕಾಯಬೇಡಿ, ಔಷಧಿ ಶುರು ಮಾಡಿ. ಸಾಮಾನ್ಯವಾಗಿ ಆ್ಯಂಟಿಬಯಾಟಿಕ್ ವಿಷಯದಲ್ಲಿ ನಾವು ಕಾಯಿರಿ, ಪರೀಕ್ಷೆ ಮಾಡಿಸಿ ಎನ್ನುತ್ತೇವೆ. ಇಲ್ಲಿ ಹಾಗಲ್ಲ. ಮೊದಲ ದಿನಗಳಲ್ಲಿ ರಕ್ತಪರೀಕ್ಷೆ ಸುಳ್ಳು ಸಮಾಧಾನ ಕೊಡುವುದೂ ಉಂಟು. ಅನುಮಾನವೇ ಆಧಾರ. ಆ ಅನುಮಾನ ಡಾಕ್ಟರ ತಲೆಯಲ್ಲಿ ಹುಟ್ಟಬೇಕಾದರೆ ನಿಮ್ಮ ಬಾಯಿಂದ ಒಂದು ಮಾತು ಬರಬೇಕು.

ಆಸ್ಪತ್ರೆಯಲ್ಲಿ ನಡೆಯುವ ಮಾತುಕತೆ ಹೀಗಿರುತ್ತದೆ. “ಎಷ್ಟು ದಿನದಿಂದ ಜ್ವರ ಅಮ್ಮಾ?” “ನಾಲ್ಕು ದಿನ ಆಯ್ತು ಡಾಕ್ಟ್ರೇ.” “ಏನು ಕೆಲಸ ಮಾಡ್ತೀರಿ?” “ಏನೂ ಇಲ್ಲ, ಮನೇಲೇ ಇರೋದು.” ಆ ‘ಏನೂ ಇಲ್ಲ’ದ ಒಳಗೆ ಬೆಳಗ್ಗೆ ಕೊಟ್ಟಿಗೆ ಬಾಚಿದ್ದು ಇರುತ್ತದೆ. ಹಸುವಿಗೆ ಹುಲ್ಲು ಕೊಯ್ದು ತಲೆಹೊರೆ ಹೊತ್ತದ್ದು ಇರುತ್ತದೆ. ಪಕ್ಕದವರ ಗದ್ದೆಗೆ ಮುಯ್ಯಾಳಾಗಿ ನಾಟಿಗೆ ಹೋದದ್ದು ಇರುತ್ತದೆ. ದಯವಿಟ್ಟು ಅದನ್ನು ಕೆಲಸ ಎಂದು ಲೆಕ್ಕಕ್ಕೆ ಹಿಡಿಯಿರಿ, ಡಾಕ್ಟರಿಗೆ ಹೇಳಿ. ಅವರು ಕೇಳದಿದ್ದರೂ ಹೇಳಿ.

ಇಲ್ಲಿಯವರೆಗೆ ಎರಡು ಜ್ವರ ಆಯಿತು. ಒಂದು ಕೆಸರಿನದು, ಒಂದು ಪೊದೆಯದು. ಎರಡಕ್ಕೂ ಡಾಕ್ಸಿ, ಎರಡಕ್ಕೂ ಬೇಗ. ಹಾಗಾದರೆ ಮಳೆಗಾಲದಲ್ಲಿ ಜ್ವರ ಬಂದ ಕೂಡಲೇ ಔಷಧಿ ಅಂಗಡಿಗೆ ಹೋಗಿ ಡಾಕ್ಸಿ ತಂದು ನುಂಗಿದರೆ ಆಯಿತಲ್ಲ ಎಂದು ನೀವು ಕೇಳಬಹುದು. ಬೇಡ. ಏಕೆ ಬೇಡ ಎಂದು ಹೇಳುತ್ತೇನೆ.

ಮೊದಲನೆಯದಾಗಿ, ಡೆಂಗಿಯೂ ಇದೇ ಕಾಲದ ಜ್ವರ. ಅದು ವೈರಸ್ಸಿನದು. ವೈರಸ್ಸಿನ ಮೇಲೆ ಡಾಕ್ಸಿ ಏನೂ ಮಾಡದು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಮನೆಯಲ್ಲೇ ಮಾತ್ರೆ ನುಂಗಿದವರು ಜ್ವರ ಇಳಿದದ್ದು ಕಂಡು ಗುಣವಾಯಿತು ಎಂದುಕೊಳ್ಳುತ್ತಾರೆ. ಆಮೇಲೆ ಒಮ್ಮೆಲೇ ಬಿ.ಪಿ. ಕುಸಿಯುತ್ತದೆ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕೇಳುಗರಿಗೆ ಮಂಗನ ಕಾಯಿಲೆ ಗೊತ್ತು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಅದೂ ಕಾಡಿನ ದರಕಿನ ನಡುವೆ ಉಣುಗು ಕಚ್ಚಿ ಬರುವಂಥದ್ದು. ಕೇಳಲು ಸ್ಕ್ರಬ್ ಟೈಫಸ್‌ನ ಹಾಗೇ ಇದೆ. ಆದರೆ ಅದು ವೈರಸ್. ಅದಕ್ಕೆ ಡಾಕ್ಸಿ ನಾಟದು. ಮಲೇರಿಯಾ ಮತ್ತೆ ಬೇರೆ. ಇದರಲ್ಲಿ ಯಾವುದು ಎಂದು ತೂಗಿ ನೋಡಲು ಡಾಕ್ಟರು ಬೇಕು.

ಎರಡನೆಯದು, ಬೇಕಿಲ್ಲದೆ ನುಂಗಿದ ಆ್ಯಂಟಿಬಯಾಟಿಕ್ ನಮ್ಮ ಕರುಳಿನ ಬ್ಯಾಕ್ಟೀರಿಯಾಗಳಿಗೆ ಅದನ್ನು ಎದುರಿಸುವ ಪಾಠ ಕಲಿಸುತ್ತದೆ. ಈ ಔಷಧಿವಂಶದ ಕತೆಯಲ್ಲೇ ಇದಕ್ಕೆ ಸಾಕ್ಷಿ ಇದೆ. ಲೆಡರ್ಲಿಯಲ್ಲೇ ಆರಿಯೋಮೈಸಿನ್ ತೆಗೆದ ಮೇಲೆ ಉಳಿದ ಚರಟವನ್ನು ಕೋಳಿಮರಿಗಳಿಗೆ ತಿನ್ನಿಸಿ ನೋಡಿದರು. ಮರಿಗಳು ಬೇಗ ಬೇಗ ಬೆಳೆದವು. 1950ರ ಹೊತ್ತಿಗೆ ಇದು ದೊಡ್ಡ ಸುದ್ದಿ. ಕಾಯಿಲೆ ಇಲ್ಲದ ಕೋಳಿ, ಹಂದಿ, ದನಗಳಿಗೆ ಮೇವಿನಲ್ಲಿ ಆ್ಯಂಟಿಬಯಾಟಿಕ್ ಬೆರೆಸುವ ಅಭ್ಯಾಸ ಲೋಕಕ್ಕೆಲ್ಲ ಹರಡಿತು. 1976ರಲ್ಲಿ ಸ್ಟುವರ್ಟ್ ಲೆವಿ ಎಂಬ ಅಮೆರಿಕದ ವೈದ್ಯವಿಜ್ಞಾನಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಒಂದು ಕೋಳಿಸಾಕಣೆಯ ಮನೆಯಲ್ಲಿ ಮೇವಿಗೆ ಟೆಟ್ರಾಸೈಕ್ಲಿನ್ ಜಾತಿಯ ಔಷಧಿ ಬೆರೆಸಿದರು. ಕೆಲವೇ ದಿನದಲ್ಲಿ ಕೋಳಿಗಳ ಕರುಳಿನ ಬ್ಯಾಕ್ಟೀರಿಯಾ ಆ ಔಷಧಿಗೆ ಬಗ್ಗದಾದವು. ಐದಾರು ತಿಂಗಳಲ್ಲಿ ಆ ಮನೆಯವರ ಕರುಳಿನಲ್ಲೂ ಅಂಥವೇ ಸಿಕ್ಕವು. ಮನೆಯವರು ಔಷಧಿ ನುಂಗಿರಲಿಲ್ಲ. ಕೋಳಿ ತಿಂದಿತ್ತು, ಅಷ್ಟೇ.

ಸ್ಕ್ರಬ್ ಟೈಫಸ್ ಮತ್ತು ಇಲಿಜ್ವರದ ರೋಗಾಣುಗಳ ಮೇಲೆ ಡಾಕ್ಸಿ ಇವತ್ತಿಗೂ ಕೆಲಸ ಮಾಡುತ್ತಿದೆ. ಅರವತ್ತು ವರ್ಷದ ಹತ್ತಿರಕ್ಕೆ ಬಂದ ಔಷಧಿಯೊಂದು ಹೀಗೆ ಉಳಿದಿರುವುದು ಅಪರೂಪ. ಅದನ್ನು ಹಾಳುಮಾಡಿಕೊಳ್ಳಬಾರದು. ನೀವು ಔಷಧಿ ಕೊಂಡಾಗ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿ. ಹಿಂಭಾಗದಲ್ಲಿ ಉದ್ದಕ್ಕೆ ಒಂದು ಕೆಂಪು ಗೆರೆ ಇದ್ದರೆ, ಡಾಕ್ಟರ ಚೀಟಿ ಇಲ್ಲದೆ ಅದನ್ನು ತೆಗೆದುಕೊಳ್ಳಬಾರದು ಎಂದು ಅರ್ಥ.

ಸರಿ. ಯಾವ ಜ್ವರಕ್ಕೆ ಬೇಕು, ಯಾವುದಕ್ಕೆ ಬೇಡ ಎಂದಾಯಿತು. ಡಾಕ್ಟರು ಬರೆದುಕೊಟ್ಟರು ಎಂದುಕೊಳ್ಳಿ. ಹೇಗೆ ನುಂಗಬೇಕು?

ಕೂತು ಅಥವಾ ನಿಂತು, ಒಂದು ದೊಡ್ಡ ಲೋಟ ನೀರಿನ ಜೊತೆ. ಮಲಗುವ ಮುಂಚೆ ಗಡಿಬಿಡಿಯಲ್ಲಿ ಒಂದು ಗುಟುಕು ನೀರಿನಲ್ಲಿ ನುಂಗಿ ಮಲಗಿಬಿಟ್ಟರೆ ಮಾತ್ರೆ ಅನ್ನನಾಳದಲ್ಲೇ ಅಂಟಿ ಹುಣ್ಣು ಮಾಡುತ್ತದೆ. ಎದೆಯ ನಡುವೆ ವಿಪರೀತ ಉರಿ ಬರುತ್ತದೆ. ನುಂಗಿದ ಮೇಲೆ ಅರ್ಧ ಗಂಟೆಯಾದರೂ ಮಲಗಬೇಡಿ. ಹೊಟ್ಟೆ ತೊಳಸಿದರೆ ಊಟದ ಜೊತೆ ತೆಗೆದುಕೊಳ್ಳಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಗ್ಯಾಸಿಗೆಂದು ಕುಡಿಯುವ ಬಿಳಿ ಔಷಧಿ ಇವುಗಳ ಜೊತೆ ಬೇಡ. ಅವು ಡಾಕ್ಸಿಯನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತವೆ. ನಡುವೆ ಎರಡು ಮೂರು ಗಂಟೆ ಅಂತರ ಇರಲಿ.

ಇನ್ನೊಂದು ತೊಂದರೆ ಬಿಸಿಲಿನದು. ಡಾಕ್ಸಿ ನುಂಗುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಮಳೆ ಬಿಟ್ಟ ದಿನ ಗದ್ದೆಗೆ ಇಳಿಯುವವರು ತೋಳು ಮುಚ್ಚುವ ಅಂಗಿ ಹಾಕಿ, ತಲೆಗೆ ಹಾಳೆ ಟೊಪ್ಪಿಯನ್ನೋ ಟವೆಲನ್ನೋ ಬಿಡಬೇಡಿ. ಜ್ವರ ಎರಡನೆಯ ದಿನವೇ ಇಳಿದರೂ ಬರೆದುಕೊಟ್ಟಷ್ಟು ದಿನ ನುಂಗಿ. ಎರಡು ದಿನವಾದರೂ ಇಳಿಯದಿದ್ದರೆ, ಉಸಿರು ಕಟ್ಟಿದರೆ, ಮಾತು ತೊದಲಿದರೆ, ಮೂತ್ರ ಕಟ್ಟಿದರೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಸ್ಕ್ರಬ್ ಟೈಫಸ್ ಅಷ್ಟು ಮುಂದುವರಿದಾಗ ಒಂದೇ ಔಷಧಿ ಸಾಲದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರ ನೇತೃತ್ವದಲ್ಲಿ ನಮ್ಮ ದೇಶದ ಹಲವು ಆಸ್ಪತ್ರೆಗಳ ಸುಮಾರು 800 ರೋಗಿಗಳ ಮೇಲೆ ನಡೆದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ತೀವ್ರ ರೋಗದಲ್ಲಿ ಡಾಕ್ಸಿ ಮತ್ತು ಅಜಿತ್ರೋಮೈಸಿನ್ ಎರಡನ್ನೂ ಒಟ್ಟಿಗೆ ರಕ್ತನಾಳದ ಮೂಲಕ ಕೊಟ್ಟಾಗ, ಒಂದೊಂದನ್ನೇ ಕೊಟ್ಟದ್ದಕ್ಕಿಂತ ಒಳ್ಳೆಯ ಫಲ ಸಿಕ್ಕಿತು.

ಬಸುರಿಯರಿಗೆ ಸಾಮಾನ್ಯವಾಗಿ ಡಾಕ್ಸಿ ಕೊಡುವುದಿಲ್ಲ. ಅವರಿಗೆ ಅಜಿತ್ರೋಮೈಸಿನ್ ಇದೆ. ಹಾಗಾಗಿ ತಿಂಗಳು ನಿಂತಿದ್ದರೆ ಮೊದಲೇ ಹೇಳಿ. ಮಕ್ಕಳಿಗೆ ಕೊಟ್ಟರೆ ಹಲ್ಲು ಹಳದಿಯಾಗುತ್ತದೆ ಎಂಬ ಭಯ ಹಳೆಯದು. ಹಳೆಯ ಟೆಟ್ರಾಸೈಕ್ಲಿನ್ ವಿಷಯದಲ್ಲಿ ಅದು ನಿಜ. ಡಾಕ್ಸಿಯನ್ನು ಕೆಲವು ದಿನ ಮಾತ್ರ ಕೊಟ್ಟ ಮಕ್ಕಳಲ್ಲಿ ಹಾಗೆ ಆದದ್ದು ಕಂಡಿಲ್ಲ. ಸ್ಕ್ರಬ್ ಟೈಫಸ್ ಅನುಮಾನ ಇರುವ ಮಗುವಿಗೆ ಡಾಕ್ಟರು ಡಾಕ್ಸಿ ಬರೆದರೆ ಹಲ್ಲಿನ ಯೋಚನೆಯಿಂದ ನಿಲ್ಲಿಸಬೇಡಿ.

ಕೊನೆಗೆ ಒಂದು ಪ್ರಶ್ನೆ ಉಳಿಯಿತು. ಜ್ವರ ಬರುವ ಮುಂಚೆಯೇ ನುಂಗಿ ತಡೆಯಬಹುದೇ? ಇಲಿಜ್ವರದ ವಿಷಯದಲ್ಲಿ, ಕೆಲವು ಸಂದರ್ಭಗಳಲ್ಲಿ, ಹೌದು. 1982ರಲ್ಲಿ ಪನಾಮದ ಕಾಡಿನಲ್ಲಿ ತರಬೇತಿಗೆ ಹೋದ ಸುಮಾರು 900 ಅಮೆರಿಕನ್ ಸೈನಿಕರಲ್ಲಿ ಅರ್ಧ ಜನಕ್ಕೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿ ಕೊಟ್ಟರು. ಉಳಿದ ಅರ್ಧಕ್ಕೆ ಔಷಧಿ ಇಲ್ಲದ ಮಾತ್ರೆ. ಔಷಧಿ ಇಲ್ಲದವರಲ್ಲಿ 20 ಮಂದಿಗೆ ಇಲಿಜ್ವರ ಬಂತು. ಡಾಕ್ಸಿ ನುಂಗಿದವರಲ್ಲಿ ಬಂದದ್ದು ಒಬ್ಬರಿಗೆ. 2018ರ ಆಗಸ್ಟಿನಲ್ಲಿ ಕೇರಳ ನೆರೆಯಲ್ಲಿ ಮುಳುಗಿದಾಗ ಅಲ್ಲಿನ ಆರೋಗ್ಯ ಇಲಾಖೆ ಕೆಸರು ಬಾಚಲು ಇಳಿದವರಿಗೆ ಹೀಗೆಯೇ ವಾರಕ್ಕೊಮ್ಮೆ ಡಾಕ್ಸಿ ಹಂಚಿತು.

ಆದರೆ ಪ್ರತಿ ವರ್ಷ ನಾಟಿಗೆ ಇಳಿಯುವ ಎಲ್ಲರೂ ಇಡೀ ಮಳೆಗಾಲ ಇದನ್ನು ನುಂಗಬೇಕೇ? ನನ್ನ ಅಭಿಪ್ರಾಯ, ಬೇಡ. ನೆರೆ ಬಂದಾಗ, ಚರಂಡಿ ಶುಚಿ ಮಾಡಲು ಇಳಿಯುವಾಗ, ನಿಮ್ಮ ಊರಿನಲ್ಲಿ ಆಗಲೇ ಇಲಿಜ್ವರ ಕಾಣಿಸಿಕೊಂಡಿರುವಾಗ ಇದು ಯೋಗ್ಯ. ಆ ತೀರ್ಮಾನ ಆರೋಗ್ಯ ಇಲಾಖೆಯದು. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಉಳಿದವರು ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಕೊಂಡು, ಸಾಧ್ಯವಾದರೆ ಗಂಬೂಟು ಹಾಕಿಕೊಂಡು ಗದ್ದೆಗೆ ಇಳಿಯಿರಿ. ಸಂಜೆ ಬಂದ ಕೂಡಲೇ ಸೋಪು ಹಚ್ಚಿ ಸ್ನಾನ ಮಾಡಿ, ಹುಲ್ಲಿನಲ್ಲಿ ಕೂತ ಬಟ್ಟೆಯನ್ನು ಆ ದಿನವೇ ಬಿಸಿನೀರಿನಲ್ಲಿ ನೆನೆಹಾಕಿ. ನುಸಿಯ ಮರಿ ಮೈಗೆ ಹತ್ತಿದ ಕೂಡಲೇ ಕಚ್ಚುವುದಿಲ್ಲ. ಜಾಗ ಹುಡುಕುತ್ತಾ ಸ್ವಲ್ಪ ಹೊತ್ತು ಅಲೆಯುತ್ತದೆ. ಆಗಲೇ ತಿಕ್ಕಿ ತೊಳೆದರೆ ಹೋಗುತ್ತದೆ.